ತವರು, ಅಫಜಲಪುರ ತಾಲೂಕು

ಜೇವರ್ಗಿ,
೧೮ ಜುಲೈ ೨೦೨೫

ಪ್ರೀತಿಯ ಮಗಳು ಜಯಮಾಲಾಳಿಗೆ,

ನಿನ್ನ ಮೊಣಕಾಲು ನೋವು ಹೇಗಿದೆ? ಡಾಕ್ಟರು ಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯೋ, ಬಾಟಲಿ ಕಿಟಕಿಯಲ್ಲೇ ಕೂತಿದೆಯೋ? ಅಳಿಯಂದಿರ ಸಕ್ಕರೆ ಇಳಿಯಿತೇ? ಸೊಲ್ಲಾಪುರವೇನು ದೂರವಲ್ಲ, ಆದರೂ ನಿನ್ನ ಮುಖ ನೋಡಿ ಎರಡು ವರ್ಷವಾಯಿತು. ನಾನು ಗಟ್ಟಿ ಇದ್ದೇನೆ. ರೊಟ್ಟಿ ಮಾತ್ರ ಇನ್ನೂ ದುಂಡಗೆ ಬರುವುದಿಲ್ಲ, ಪಕ್ಕದ ಮನೆಯ ಪ್ಯಾರಿಬಿ ನೋಡಿ, "ಕಾಕಾ, ಇದು ಯಾವ ಜಿಲ್ಲಾದ ನಕಾಶೆರಿ?" ಎಂದು ನಗುತ್ತಾಳೆ. ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ ಅಪ್ಪಾ, ಹ್ಞೂಂ" ಎಂದು ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಗೆದ್ದುಬಿಟ್ಟೆವು, ತಂಗಿ! ಗೆದ್ದದ್ದು ನಾನಲ್ಲ, ನಿಮ್ಮವ್ವ.

ಲಗ್ನವಾದ ವರ್ಷ ನಾನು ಬಿ.ಎಸ್ಸಿ. ಓದುತ್ತಿದ್ದೆ. ಪರೀಕ್ಷೆಗೆ ಇಪ್ಪತ್ತು ಕಾಡುಗಿಡ ಒಣಗಿಸಿ, ಹಾಳೆಗೆ ಅಂಟಿಸಿ ಒಪ್ಪಿಸಬೇಕು. ಅದಕ್ಕೆ ಹರ್ಬೇರಿಯಂ ಎನ್ನುತ್ತಾರೆ. ನನ್ನವು ಹತ್ತೊಂಬತ್ತೇ ಆಗಿದ್ದವು. ಪಂಚಮಿಗೆ ತನ್ನ ತವರು ಹವಳಗಾಕ್ಕೆ ಹೋಗಿದ್ದ ನಿಮ್ಮವ್ವ, ಮನೆಯ ಹಿಂದಿನ ಹಳ್ಳದ ದಂಡೆಯಿಂದ ಹಳದಿ ಹೂವಿನ ಗಿಡವೊಂದನ್ನು ಬೇರುಸಮೇತ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. "ನತ್ತಿನ ಹೂ ಅಂತೀವ್ರಿ ನಾವು. ನಿಮ್ಮ ಪುಸ್ತಕದಾಗ ಇರಂಗಿಲ್ಲ ನೋಡ್ರಿ" ಅಂದಳು. ಜೋಳದ ಚೀಲದ ಕೆಳಗಿಟ್ಟು ಒತ್ತಿದೆವು. ಲೇಬಲ್ ಇಂಗ್ಲಿಷಿನಲ್ಲೇ ಆಗಬೇಕು. ಗಿಡ ಸಿಕ್ಕ ಜಾಗ ಬರೆಯುವ ಲೊಕ್ಯಾಲಿಟಿ ಎಂಬಲ್ಲಿ ಹವಳಗಾ ಎಂದಿದ್ದರೆ ಸಾಕಿತ್ತು, ನನ್ನ ತಲೆಯಲ್ಲಿದ್ದದ್ದು ತವರು, ಅದಕ್ಕೆ ಇಂಗ್ಲಿಷ್ ಶಬ್ದ ಹೊಳೆಯಲಿಲ್ಲ. 'ಮದರ್ ಹೌಸ್' ಎಂದು ಬರೆದು ಹೊಡೆದುಹಾಕಿ, ಕಡೆಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ತವರು, ಅಫಜಲಪುರ ತಾಲೂಕು' ಎಂದೇ ಬರೆದೆ. ಕಲೆಕ್ಟರ್, ಅಂದರೆ ಗಿಡ ತಂದವರು, ಎಂಬಲ್ಲಿ ನನ್ನ ಹೆಸರು ಹಾಕಿಕೊಂಡೆ. ಓದಿ ಹೇಳಿದ್ದೇ ತಪ್ಪಾಯಿತು. ನಿಮ್ಮವ್ವ ಹವಳಗಾದ ತುಂಬ "ನಮ್ಮವರು ಕಲೆಕ್ಟರ್ ಆಗ್ಯಾರ" ಎಂದು ಹೇಳಿಬಂದಳು.

ಆ ಹಾಳೆ ಗುರುಗಳ ಕೈಯಿಂದ ಯಾವುದೋ ದೊಡ್ಡ ಸಂಗ್ರಹ ಸೇರಿ, ಈಗ ಫೋಟೋ ಆಗಿ ಕಂಪ್ಯೂಟರಿನಲ್ಲಿದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿಗೆ ಆ ಗಿಡದ ದಾಖಲೆ ಅದೊಂದೇ. ತವರು ಎಂಬ ಊರು ನಕಾಶೆಯಲ್ಲಿ ಸಿಗದೆ, ಸಂಗ್ರಹದವರು 'ಸ್ಥಳ ಇಲ್ಲ, ನಂಬುವಂತಿಲ್ಲ' ಎಂದು ಷರಾ ಬರೆದಿದ್ದರು. ನಿಮ್ಮವ್ವ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವುದೆಂದರೇನು! ಆಳಂದದ ಅನುರಾಧಾ, ಗಿಡಗಳ ಮೇಲೆ ಪಿಎಚ್.ಡಿ. ಮಾಡುವ ಹುಡುಗಿ, ಅದನ್ನು ಓದಿದವಳೇ ನಕ್ಕಳಂತೆ. ಕಾಲೇಜಿನ ಹಳೆಯ ರಜಿಸ್ಟರಿನಿಂದ ನನ್ನ ವಿಳಾಸ ಹಿಡಿದು ಬಂದು, ಬಾಗಿಲಲ್ಲೇ ಕೇಳಿದಳು: "ಅಜ್ಜಾರ, ಯಾರ ತವರ್ರಿ ಅದು?" ನಾನು ಗೋಡೆಯ ಮೇಲಿನ ನಿಮ್ಮವ್ವನ ಫೋಟೋ ತೋರಿಸಿದೆ.

ಮಂಗಳವಾರ ಇಬ್ಬರೂ ಹವಳಗಾಕ್ಕೆ ಹೋದೆವು. ನಿನ್ನ ಸೋದರಮಾವ ಬಸವಂತರಾಯ, "ಕಸ ನೋಡಾಕ ಅಷ್ಟು ದೂರದಿಂದ ಬಂದೀರೇನ್ರಿ ಭಾವಾ? ದಂಡಿ ಹೋದ ವರ್ಷನ ಜೆಸಿಬಿ ಹಚ್ಚಿ ಸಪಾಟ ಮಾಡಿಸೀನಿ" ಎಂದ. ಆದರೂ ಬಿಡಲಿಲ್ಲ. ಒಂದು ತಾಸು ಹುಡುಕಿದೆವು, ಏನೂ ಇಲ್ಲ. ಕಡೆಗೆ, ನಿಮ್ಮವ್ವ ಬಟ್ಟೆ ಒಗೆಯುತ್ತಿದ್ದ ಹಾಸುಗಲ್ಲಿದೆಯಲ್ಲ, ಜೆಸಿಬಿಗೂ ಜಗ್ಗದ್ದು, ಅದರ ಹಿಂದೆ ಹಳದಿ! ಒಂದಲ್ಲ, ಹನ್ನೊಂದು ಗಿಡ! ಅನುರಾಧಾ ಕೆಸರಿನಲ್ಲೇ ಕೂತು, ಭೂತಗನ್ನಡಿ ಹಿಡಿದು, ಎಸಳು ಎಣಿಸಿ, "ಅದಽರಿ ಅಜ್ಜಾರ, ಅದಽ!" ಎಂದು ಕೂಗಿದಳು. ನಾನು ಹೊಡೆದ ಚಪ್ಪಾಳೆಗೆ ಮಲಗಿದ್ದ ಎಮ್ಮೆ ಎದ್ದು ನಿಂತಿತು.

ಹಳೆಯ ಲೇಬಲ್ ತಿದ್ದುವ ಹಾಗಿಲ್ಲವಂತೆ. ಪಕ್ಕದಲ್ಲಿ ಹೊಸ ಚೀಟಿ ಅಂಟಿಸುತ್ತಾರೆ. ನಾನು ನಿಜ ಹೇಳಿಬಿಟ್ಟೆ. ನಿನ್ನೆ ಫೋಟೋ ಬಂತು: 'ಸ್ಥಳ ಹವಳಗಾ, ಗಿಡ ಈಗಲೂ ಇದೆ. ಕಲೆಕ್ಟರ್: ಸುಭದ್ರಾಬಾಯಿ.' ಕಲೆಕ್ಟರ್ ಆದದ್ದು ಕಡೆಗೂ ಆಕೆಯೇ.

ಅಳಿಯಂದಿರಿಗೆ ಶರಣು ಹೇಳು. ಮಕ್ಕಳ ನೆತ್ತಿಯ ಮೇಲೆ ನನ್ನ ಕೈ ಇಟ್ಟಂತೆ ತಿಳಿ.

ನಿನ್ನ ಅಪ್ಪ,
ಗುರಣ್ಣ

ತಾ.ಕ.: ಅವ್ವನನ್ನು ಮಣ್ಣು ಮಾಡಿ ಬಂದ ದಿನ "ಇನ್ನ ನನಗ ತವರಿಲ್ಲ" ಎಂದು ಹೋದವಳು ನೀನು. ಸಂಗ್ರಹದವರು ತಮ್ಮ 'ಸ್ಥಳ ಇಲ್ಲ' ಎಂಬ ಷರಾ ವಾಪಸು ತೆಗೆದುಕೊಂಡಿದ್ದಾರೆ, ನೀನೂ ತೆಗೆದುಕೋ. ಇಪ್ಪತ್ತೊಂಬತ್ತಕ್ಕೆ ಪಂಚಮಿ. ಎಳ್ಳುಂಡಿ ಕಟ್ಟಿ ನೋಡಿದೆ. ರೊಟ್ಟಿಯ ಹಾಗಲ್ಲ, ದುಂಡಗೇ ಬಂದಿವೆ.