ತೀರ್ಥದ ಕೈ

ಜರಗನಹಳ್ಳಿ,
೧೬-೧೧-೨೦೨೫, ಭಾನುವಾರ

ಉತ್ತರಹಳ್ಳಿಯ ತಂಗಿ ಮನೆಯಲ್ಲಿ ಫೋನು ಆರಿಸಿ ಕೂತಿರುವ ಅತ್ತೆಯವರಿಗೆ, ಸೊಸೆ ರಮ್ಯಳ ನಮಸ್ಕಾರಗಳು.

ಈ ಕಾಗದವನ್ನು ನಿಮ್ಮ ಮಗ ದೀಪಕ್ ಕೈಯಲ್ಲೇ ಕಳಿಸುತ್ತಿದ್ದೇನೆ. ಬಾಯಲ್ಲಿ ಹೇಳಿ ಕಳಿಸಿದರೆ ಅರ್ಧ ದಾರಿಯಲ್ಲಿ ಮರೆಯುತ್ತಾರೆ, ಉಳಿದರ್ಧ ಚಿಕ್ಕಮ್ಮನ ವಡೆ ಕಂಡು ತೊರೆಯುತ್ತಾರೆ.

ಗುರುವಾರ ಸಮನ್ವಿತಾಳ ಬಲಗಣ್ಣಿಗೆ ಆಪರೇಷನ್. ಕಪ್ಪು ಗುಡ್ಡೆಯ ಮೇಲಿನ ಗಾಜಿನಂಥ ಪದರ ಪೂರ್ತಿ ಮಸುಕಾಗಿದೆ. ಅದನ್ನು ತೆಗೆದು, ಯಾರೋ ಪುಣ್ಯಾತ್ಮರು ದಾನ ಕೊಟ್ಟದ್ದನ್ನು ಹೊಲಿಯುತ್ತಾರಂತೆ. ನೀವು ಬರಬೇಕು.

ನೀವು ಹೋದದ್ದು ಯಾಕೆಂದು ಗೊತ್ತು. ನೀರಿನಲ್ಲಿರುವ ಅಮೀಬಾ ಎಂಬ ಸೂಕ್ಷ್ಮ ಜೀವಿ ಕಣ್ಣು ಹೊಕ್ಕಿದೆ, ಕಾಂಟ್ಯಾಕ್ಟ್ ಲೆನ್ಸ್ ಹಾಕಿದ್ದಾಗ ಯಾವ್ಯಾವ ನೀರು ಸೋಕಿತ್ತು ಎಂದು ಡಾಕ್ಟರು ಕೇಳಿದಾಗಲೇ ನಿಮ್ಮ ಮುಖ ಇಳಿಯಿತು. ಪ್ರತಿ ಶನಿವಾರ ಪೂಜೆ ಮುಗಿಸಿ, ಮೊಮ್ಮಗಳಿಗೆ ತೀರ್ಥ ಕೊಟ್ಟು, ಅದೇ ಒದ್ದೆ ಕೈಯನ್ನು ಅವಳ ಎರಡೂ ಕಣ್ಣಿಗೆ ಒತ್ತುವವರು ನೀವು. ಮನೆಗೆ ಬಂದವರೇ ತೀರ್ಥದ ತಾಮ್ರದ ತಂಬಿಗೆಯನ್ನು ಅಟ್ಟಕ್ಕೆ ಹಾಕಿದಿರಿ. “ನನ್ ಕೈಯಾರೆ ಮಗೀನ್ ಕಣ್ಣು ಕಳ್ದೆ ಕಣಮ್ಮ” ಎಂದು ಬ್ಯಾಗು ಹಿಡಿದು ಆಟೋ ಹತ್ತಿದಿರಿ.

ಆಮೇಲೆ ಡಾಕ್ಟರನ್ನು ಮತ್ತೆ ಕೇಳಿದೆ. “ಮೇಡಂ, ಇದು ಇಲ್ದಿರೋ ಜಾಗ ತೋರ್ಸಿ ನೋಡೋಣ. ನಲ್ಲಿ, ಸಂಪು, ಮೇಲಿನ ಟ್ಯಾಂಕು, ಈಜುಕೊಳ, ಕುಂಡದ ಮಣ್ಣು, ರಸ್ತೆ ಧೂಳು. ನಾವೆಲ್ಲ ದಿನಾ ಇದೇ ನೀರಲ್ಲಿ ಮುಖ ತೊಳೀತೀವಿ, ಏನೂ ಆಗಲ್ಲ. ಲೆನ್ಸ್ ಕೆಳಗೆ ಸಿಕ್ಕಾಕೊಂಡಾಗ ಕಣ್ಣು ಚೂರು ಗೀರಿದ್ರೆ ಒಳಗೆ ಇಳಿಯುತ್ತೆ” ಎಂದರು. ನಮ್ಮ ತಂಬಿಗೆಯದೇ ಇರಬಹುದಾ ಎಂದೆ. “ಯಾವ ನೀರಿಂದು ಅಂತ ದೇವ್ರಾಣೆ ಯಾರೂ ಹೇಳಕ್ಕಾಗಲ್ಲ” ಎಂದರು. ತೀರ್ಥದ ವಿಚಾರಕ್ಕೆ ದೇವರಾಣೆ ಇಟ್ಟವರನ್ನು ನಂಬದೆ ಇನ್ಯಾರನ್ನು ನಂಬಲಿ?

ನಿಮ್ಮ ಮೊಮ್ಮಗಳೇನು ಕಡಿಮೆಯೇ? ಲೆನ್ಸ್ ಹಾಕಿಕೊಂಡೇ ಸ್ನಾನ, ಲೆನ್ಸ್ ಹಾಕಿಕೊಂಡೇ ಶಯನ, ಅದರ ಡಬ್ಬಿಗೆ ನಲ್ಲಿ ನೀರಿನಲ್ಲೇ ಕ್ಷಾಲನ. ಅವಳನ್ನೂ ನಾನು ಬೈಯಲಿಲ್ಲ. ಕಾಲೇಜು ಹುಡುಗಿ, ಕನ್ನಡಕ ಬೇಡವೆನಿಸಿತು. ಇಷ್ಟೆಲ್ಲ ಇದೆಯೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು? ವಾರಕ್ಕೊಮ್ಮೆಯ ಒಂದು ಉದ್ಧರಣೆ ನೀರಿನ ಮೇಲೆ ಎಲ್ಲ ಹೊರಿಸಿಕೊಂಡು ನೀವೊಬ್ಬರೇ ಅಳುವುದು ನ್ಯಾಯವಲ್ಲ.

ತಂಬಿಗೆ ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿಟ್ಟಿದ್ದೇನೆ. ಇನ್ನು ಮೇಲೆ ತೀರ್ಥ ನಾಲಿಗೆಗೆ, ಒದ್ದೆ ಕೈ ನೆತ್ತಿಗೆ, ಕಣ್ಣನ್ನು ಬಿಡೋಣ ಅದರ ಪಾಡಿಗೆ. ತಿಮ್ಮಪ್ಪ ಇದಕ್ಕೆಲ್ಲ ಮುನಿಯುವವನಲ್ಲ. ಮುನಿಯುವುದು ನಮ್ಮ ಮನೆಯಲ್ಲಿ ಬೇರೆಯವರ ಇಲಾಖೆ.

ಆದರೆ ಸಮನ್ವಿತಾ ಹಟ ಹಿಡಿದಿದ್ದಾಳೆ. “ಅಜ್ಜಿ ಬರ್ದೆ ನಾನು ಆಪರೇಷನ್ ರೂಮಿಗೆ ಕಾಲಿಡಲ್ಲ” ಎಂದು ಬೆಳಗಿನಿಂದ ಒಂದೇ ಸಮ. ಅವಳು ಹೀಗೇ ಕೂತರೆ ದಾನವಾಗಿ ಬಂದ ಪದರ ಇನ್ನೊಬ್ಬರ ಪಾಲಾಗುತ್ತದೆ. ಬುಧವಾರ ಸಂಜೆಯೊಳಗೆ ಬಂದುಬಿಡಿ.

ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಸೊಸೆ,
ರಮ್ಯ

ತಾ.ಕ.: ಇಷ್ಟನ್ನೂ ಸಮನ್ವಿತಾಳಿಗೆ ಓದಿ ಹೇಳಿದೆ, ನಕ್ಕುಬಿಟ್ಟಳು. ಅವಳು ಯಾವ ಹಟವನ್ನೂ ಹಿಡಿದಿಲ್ಲ ಅತ್ತೆ. “ಅಜ್ಜಿಗೆ ಕಷ್ಟ ಆದ್ರೆ ಬೇಡ ಬಿಡಮ್ಮ, ನಾನು ಸುಮ್ನೆ ಮಲಗಿರೋದು ತಾನೆ” ಎನ್ನುತ್ತಾಳೆ. ಅವಳಿಗೆ ಮಂಪರು ಬರುವ ಮದ್ದು ಕೊಡುತ್ತಾರೆ. ನಿಮ್ಮ ಮಗ ಆಸ್ಪತ್ರೆಯ ವಾಸನೆಗೇ ತಲೆ ಸುತ್ತಿ ಬೀಳುವವರು. ಬಾಗಿಲ ಹೊರಗೆ ಬೆಂಚಿನ ಮೇಲೆ ಎಚ್ಚರವಾಗಿ ಕೂರಬೇಕಾದವಳು ನಾನು. ಒಬ್ಬಳೇ ಕೂರಲು ನನ್ನಿಂದ ಆಗುವುದಿಲ್ಲ.