ಮೋರಿ, ಹಂಪು, ಮೈಲಿಗಲ್ಲು

ಫೆಬ್ರವರಿ 5, ಬುಧವಾರ. ಸಂಜೆ, ಲಾಡ್ಜ್

ಇವತ್ತಿನ ಬೇಟೆ: ಒಂದು ಮೋರಿ, ಪೆಟ್ರೋಲ್ ಬಂಕ್, ಮೈಲಿಗಲ್ಲು, ಮತ್ತೆ ಮೋರಿ. ಜನ ಟೂರಿಗೆ ಹೋದರೆ ಬೆಟ್ಟ, ಕೆರೆ, ಹೆಂಡತಿ — ಏನಾದರೊಂದರ ಫೋಟೋ ತೆಗೆಯುತ್ತಾರೆ. ನಮ್ಮ ಯಜಮಾನರು ಓಡುವ ಕಾರಿನ ಕಿಟಕಿಯಿಂದ ಮೊಬೈಲ್ ಚಾಚಿ ಮೋರಿ ತೆಗೆಯುತ್ತಾರೆ. ಟೂರ್ ಟೂರ್ ಅಂತ ಇಷ್ಟು ವರ್ಷ ಬಾಯಿ ಬಡಿದುಕೊಂಡಿದ್ದಕ್ಕೆ ಸಿಕ್ಕ ಭಾಗ್ಯ. ಕೇಳಿದ್ದು ಸಮುದ್ರ. ಕರೆತಂದದ್ದು ಸೋಮವಾರದಿಂದ ಇವರು ಬಸ್ ಓಡಿಸಬೇಕಾದ ಹೊಸ ರೂಟಿಗೆ. ಹಳೆ ರೂಟು ಡಿಪೋದವರು ರದ್ದು ಮಾಡಿದ್ದಾರೆ. ಡ್ರೈವರನ ಹೆಂಡತಿಗೆ ರಜೆಯಲ್ಲೂ ಡ್ಯೂಟಿ.

ಒಂದೇ ಸಮಾಧಾನ — ಸ್ಟೀರಿಂಗ್ ನನ್ನ ಕೈಲಿ. ನಮ್ಮಣ್ಣನ ಕಾರು ಕೇಳಿ ತಂದು ಕೀ ನನಗೇ ಕೊಟ್ಟರು. ಹೆಂಗಸರು ಓಡಿಸಿದರೆ ರೋಡೇ ಹೆದರುತ್ತೆ ಅನ್ನುತ್ತಿದ್ದ ಮಹಾರಾಯ! ಕೊನೆಗೂ ಬುದ್ಧಿ ಬಂತು. ಬೆಳಿಗ್ಗೆಯಿಂದ ಒಳಗೊಳಗೇ ಬೀಗುತ್ತಿದ್ದೇನೆ.

"ಸ್ವಲ್ಪ ಸ್ಲೋ ಮಾಡೇ... ಹಾಂ, ಹಂಪು. ತೆಗ್ದೆ."

"ಹಂಪಿನ ಫೋಟೋನಾ? ಫ್ರೇಮ್ ಹಾಕ್ಸಿ ಹಾಲಲ್ಲಿ ನೇತಾಕೋಣ್ವಾ?"

"ನೀನು ಮುಂದೆ ನೋಡ್ಕೊಂಡು ಓಡ್ಸು."

ಫೆಬ್ರವರಿ 6, ಗುರುವಾರ. ಸಂಜೆ

ದಾರಿಯಲ್ಲಿ ಕೆರೆ. ನೀರಿನ ತುಂಬ ಬಿಳಿ ಹಕ್ಕಿ. "ನೋಡ್ರೀ, ಹಕ್ಕಿ!" ಅಂದೆ. "ನೋಡ್ದೆ, ನೋಡ್ದೆ" ಅಂದರು — ಮುಖ ಆ ಕಡೆ, ಇಟ್ಟಿಗೆ ಗೂಡಿನ ಮೇಲೆ. ಕೋಣನ ಮುಂದೆ ಕಿನ್ನರಿ.

ಬೋರ್ಡು ಬಂದಾಗಲೆಲ್ಲ "ಏನು ಬರ್ದಿದೆ, ಓದು ನೋಡೋಣ" ಅನ್ನುವುದು. ನಾನೇನು ಒಂದನೇ ಕ್ಲಾಸಾ? ಆಮೇಲೆ ಅದರದ್ದೂ ಫೋಟೋ.

ಈಗ ಮಂಚದ ಮೇಲೆ ಕೂತು ಮೊಬೈಲನ್ನು ಮೂಗಿಗೆ ಹಿಡಿದುಕೊಂಡಿದ್ದಾರೆ. ಒಂದೊಂದನ್ನೂ ದೊಡ್ಡದು ಮಾಡಿ ಗೊಣಗುತ್ತಾರೆ. "ಬಂಕ್ ಆದ್ಮೇಲೆ ಎಡಕ್ಕೆ... ಹಂಪು... ಮೋರಿ... ಸ್ಕೂಲು..." ಪರೀಕ್ಷೆಗೆ ಓದುವ ಹುಡುಗರೂ ಇಷ್ಟು ಉರು ಹೊಡೆಯುವುದಿಲ್ಲ. ಇಷ್ಟು ವರ್ಷ ಬಸ್ ಓಡಿಸಿದವರಿಗೆ ಒಂದು ರಸ್ತೆ ಕಲಿಯಲು ಇಷ್ಟು ಸರ್ಕಸ್. ನಗು ತಡೆಯಲಾಗದೆ ಬಚ್ಚಲಿಗೆ ಹೋಗಿ ನಕ್ಕು ಬಂದೆ.

ಫೆಬ್ರವರಿ 8, ಶನಿವಾರ. ಮನೆ

ನಿನ್ನೆ ಬರೆಯಲಿಲ್ಲ.

ವಾಪಸ್ಸು ಬರುವಾಗ ಸ್ಟೀರಿಂಗ್ ಕಿತ್ತುಕೊಂಡರು. "ನಾನೇ ಓಡಿಸ್ತೀನಿ, ನೋಡ್ತಿರು." ಓಡಿಸಿದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಹಂಪು ಬರುವ ಮುಂಚೆಯೇ "ಈಗ ಹಂಪು". ತಿರುವು ಕಾಣುವ ಮುಂಚೆಯೇ "ಈಗ ಎಡ". ಹೊಟ್ಟೆಕಿಚ್ಚಾಯಿತು ನನಗೆ.

ಸ್ಕೂಲು ದಾಟಿತು. ಮುಂದೆ ರಸ್ತೆ ಅಗೆಯುತ್ತಿದ್ದರು. ಅಡ್ಡಲಾಗಿ ಕೆಂಪು-ಬಿಳಿ ಡ್ರಮ್ಮುಗಳು, ಬಾವುಟ ಹಿಡಿದ ಕೂಲಿಯವ. ಹೋಗುವಾಗ ಇದ್ಯಾವುದೂ ಇರಲಿಲ್ಲ. ಇವರು ಸಿಳ್ಳೆ ಹಾಕುತ್ತಾ ಅದೇ ಸ್ಪೀಡಿನಲ್ಲಿ...

"ರೀ, ಡ್ರಮ್ಮು!"

"ಎಲ್ಲಿ ಡ್ರಮ್ಮು? ಇಲ್ಲೇನೂ ಇಲ್ಲ ಕಣೇ, ಮೋರಿ ತನಕ ಸ್ಟ್ರೈಟ್ —"

ಹ್ಯಾಂಡ್‌ಬ್ರೇಕ್ ಎಳೆದೆ. ಸ್ಟೀರಿಂಗ್ ಜಗ್ಗಿದೆ. ಒಂದು ಡ್ರಮ್ಮು ಹಾರಿತು. ಕೂಲಿಯವ ಚರಂಡಿಗೆ ಜಿಗಿದ, ಎದ್ದು ಬಂದು ಬಾನೆಟ್ ಗುದ್ದಿದ. "ಕಣ್ಣು ಕಾಣಲ್ವೇನ್ರೀ ನಿಮ್ಗೆ?"

ಇವರು ಕೈ ತೊಡೆಯ ಮೇಲಿಟ್ಟುಕೊಂಡು, "ಇಲ್ಲಪ್ಪಾ" ಅಂದರು. "ಕಾಣಲ್ಲ."

ನೋಡಿದ್ದರ ನಡುವೆಲ್ಲ ಮಂಜಂತೆ. ಅಂಚು ಮಾತ್ರ ಕಾಣುವುದಂತೆ. ಕಣ್ಣಿನ ಟೆಸ್ಟಿನಲ್ಲಿ ಚಾರ್ಟಿನ ಅಕ್ಷರ ಬಾಯಿಪಾಠ ಮಾಡಿ ಪಾಸಾಗಿದ್ದಾರೆ. ಹಳೆ ರೂಟು ಅಭ್ಯಾಸ ಬಲದಿಂದ ನಡೆಯಿತು. ಹೊಸದಕ್ಕೆ ಫೋಟೋ.

"ರಿಟೈರ್ ಆಗೋ ತನಕ ಕಣೇ. ಯಾರಿಗೂ ಹೇಳ್ಬೇಡ."

"ಹಿಂದೆ ಐವತ್ತು ಜನ ಕೂತಿರ್ತಾರಲ್ರೀ. ನಾಳೆ ರೋಡಿಗೆ ಅಡ್ಡ ಬರೋ ಮಗೂನೂ ನಿಮ್ಮ ಫೋಟೋದಲ್ಲಿದ್ಯಾ?"

ಸ್ಟೀರಿಂಗ್ ಮೇಲಿನ ಧೂಳು ಒರೆಸಿದರು.

"ಸೋಮವಾರ ಮ್ಯಾನೇಜರ್‌ಗೆ ನೀವು ಹೇಳ್ತೀರೋ, ನಾನು ಹೇಳ್ಲೋ?"

ದಡ್ಡ ಶಿಖಾಮಣಿ. ಕಟ್ಟಿಕೊಂಡವಳಿಗೂ ಹೇಳದೆ ಇಷ್ಟು ದಿನ... ಕೊಲೆಗಡುಕ ಅಂತಲೇ ಬೈದೆ. ಬೈದದ್ದಕ್ಕೆ ಬೇಜಾರಿಲ್ಲ. ಕೀ ನನಗೆ ಕೊಟ್ಟದ್ದು ನನ್ನ ಡ್ರೈವಿಂಗ್ ಮೆಚ್ಚಿ ಅಲ್ಲ. ಅದಕ್ಕೆ ಅಳು ಬಂತು, ಥೂ.

ಫೆಬ್ರವರಿ 10, ಸೋಮವಾರ. ಬೆಳಿಗ್ಗೆ, ಡಿಪೋ ಎದುರು, ಕಾರಿನಲ್ಲಿ

ಇವತ್ತು ಬೆಳಗಾಗುವಷ್ಟರಲ್ಲಿ ಯೂನಿಫಾರ್ಮ್ ಹಾಕಿ ನಿಂತಿದ್ದರು. ತಾವೇ ಇಸ್ತ್ರಿ ಮಾಡಿಕೊಂಡದ್ದು, ಪ್ಯಾಂಟಿನ ಮೇಲೆ ಎರಡೆರಡು ಗೆರೆ. ದಾರಿಯುದ್ದಕ್ಕೂ ಮೊಬೈಲ್ ಹೊರತೆಗೆಯಲಿಲ್ಲ.

ಗೇಟಿನೊಳಗೆ ಬಲಕ್ಕೆ ಬಸ್ಸುಗಳು, ಎಡಕ್ಕೆ ಮ್ಯಾನೇಜರ್ ರೂಮು. ನಾನು ಚಪ್ಪಲಿ ಮೆಟ್ಟಿಕೊಂಡೇ ಕೂತಿದ್ದೆ. ಬಲಕ್ಕೆ ತಿರುಗಿದರೆ ಓಡಿಹೋಗಿ ಕಾಲರ್ ಹಿಡಿಯುವುದೇ.

"ಅಣ್ಣಾ, ಗಾಡಿ ರೆಡಿ!" ಅಂತ ಕಂಡಕ್ಟರ್ ಕೂಗಿದ.

ನಿಂತರು. ಅವನಿಗೊಂದು ಕೈ ಎತ್ತಿದರು. ಎಡಕ್ಕೆ ಹೋದರು, ಗೋಡೆ ಸವರಿಕೊಂಡು.

ತುಂಬ ಹೊತ್ತಾಯಿತು. ಬಸ್ಸು ಹೊರಟೂ ಹೋಯಿತು, ಬೇರೆ ಯಾರೋ ಓಡಿಸುತ್ತಿದ್ದರು.

ಬರುತ್ತಿದ್ದಾರೆ. ಶರ್ಟಿನ ಮೇಲೆ ಡ್ರೈವರ್ ಬ್ಯಾಡ್ಜ್ ಈಗ ಇಲ್ಲ. ಬೆನ್ನು ನೆಟ್ಟಗಿದೆ. ಶ್ಯೆ, ಆ ಬೆನ್ನು ನಾನೇ ಕೊಡಿಸಿದ ಹಾಗೆ ಹೆಮ್ಮೆ ಪಡುತ್ತಿದ್ದೇನಲ್ಲ.

ಎಲ್ಲಿಗೆ ಹೋಗುತ್ತಿದ್ದಾರೆ? ಪಕ್ಕದ ಕಾರು, ಅದೂ ನಮ್ಮದರ ಹಾಗೆ ಬಿಳಿ. ಅದರ ಬಾಗಿಲು ಎಳೆಯುತ್ತಿದ್ದಾರೆ. "ತೆಗಿಯೇ, ಲಾಕ್ ಯಾಕೆ ಹಾಕ್ಕೊಂಡಿದೀಯ?" ಒಳಗೆ ಯಾರೋ ಹೆಂಗಸು ಹೆದರಿ ಮುದುರಿಕೊಂಡಿದ್ದಾಳೆ. ಅಯ್ಯೋ ಪೆದ್ದಪ್ಪಾ... ರೀ, ಈ ಕಡೆ, ನಾನಿಲ್ಲಿ —