ಉತ್ತರಿಸದ ಎಂಟು ಮಂದಿ

ಆಸ್ಪತ್ರೆಯ ಸಂಶೋಧನಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ತೀರಿಹೋದ ನನ್ನ ಮಗಳು ಈಗ ಒಂದೇ ಉಸಿರಿಗೆ ಎಷ್ಟು ಮೆಟ್ಟಿಲು ಹತ್ತಬಲ್ಲಳೆಂದು ತಮ್ಮ ವಿಭಾಗ ಮೂರನೆಯ ಬಾರಿ ವಿಚಾರಿಸಿದೆ. ಈ ಅಕ್ಕರೆಗೆ ನಾನು ಋಣಿ. ನನ್ನ ಆಕ್ಷೇಪ ಬೇರೆ: ಅವಳು ಉತ್ತರಿಸಲಿಲ್ಲವೆಂದು ತಾವು ಅವಳನ್ನು ಅಧ್ಯಯನದಿಂದಲೇ ಕೈಬಿಟ್ಟಿದ್ದೀರಿ.

ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದವರನ್ನು ಐದನೆಯ ದಿನದ ಬದಲು ಎರಡನೆಯ ದಿನವೇ ಮನೆಗೆ ಕಳಿಸಿದರೆ ಏನಾಗುತ್ತದೆಂಬುದು ತಮ್ಮ ಸಂಶೋಧನೆ. ಏಳು ಪುಟಗಳ ಒಪ್ಪಿಗೆ ಪತ್ರದ ಮೇಲೆ ನಾನು ಹನ್ನೊಂದು ಆಕ್ಷೇಪಗಳನ್ನು ಎತ್ತಿದ್ದೆ. ಕಾಲೇಜಿನ ಚರ್ಚಾಕೂಟದಲ್ಲಿ ಹತ್ತಿದ ಚಟ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮಗಳು ಹಾಸಿಗೆಯಿಂದಲೇ ಪೆನ್ನಿಗೆ ಕೈಚಾಚಿದಳು. "ಅಪ್ಪಾ, ಗಂಟೆ ಹೊಡೆದಾಯ್ತು, ಕೂತ್ಕೊಳ್ಳಿ. ನನ್ನಿಂದ ನಾಳೆ ಬರೋರಿಗೆ ಏನಾದ್ರೂ ಗೊತ್ತಾಗ್ಲಿ." ಹೀಗೆ ಅವಳು ತಮ್ಮ ನೂರಾ ಮೂವತ್ತೊಂದನೆಯ ರೋಗಿಯಾದಳು.

ಮನೆಗೆ ಬಂದ ಮೂರನೆಯ ದಿನ ಜ್ವರ, ಹಲ್ಲು ಕಟಕಟಿಸುವ ನಡುಕ. ತಮ್ಮ ಸಹಾಯವಾಣಿಗೆ ಕರೆ ಮಾಡಿದೆವು. ಮನೆಗೆ ಕಳಿಸುವಾಗ ತಾವು ಕೊಟ್ಟ ಕರಪತ್ರದ ಪ್ರಕಾರ ಜ್ವರದ ಜೊತೆಗೆ ಗಾಯದಲ್ಲಿ ಕೀವೂ ಇದ್ದರೆ ಮಾತ್ರ ಬರಬೇಕಂತೆ. ಗಾಯ ನಿಷ್ಕಳಂಕವಾಗಿತ್ತು. ನಾವು ಸಭ್ಯರಂತೆ ಕೀವಿನ ದಾರಿ ಕಾದೆವು. ಸೋಂಕು ಕರಪತ್ರ ಓದಿರಲಿಲ್ಲ. ಅದು ನೇರ ರಕ್ತಕ್ಕೆ ಇಳಿಯಿತು. ಎರಡು ದಿನಗಳ ಬಳಿಕ, ಮನೆಗೆ ಹತ್ತಿರದ ಇನ್ನೊಂದು ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು.

ತಿಂಗಳಾದ ಮೇಲೆ ತಮ್ಮ ವಿಭಾಗದ ಹುಡುಗಿಯೊಬ್ಬಳು ಫೋನ್ ಮಾಡಿದಳು. ಪೇಷಂಟ್ ಜೊತೆಯೇ ಮಾತಾಡಬೇಕೆಂದಳು. ತೀರಿಹೋದಳೆಂದು ಹೇಳಿದೆ. ಅತ್ತ ಹಾಳೆ ಮಗುಚಿದ ಸದ್ದು. ಆಮೇಲೆ ಮೆಲ್ಲಗೆ, "ಹಾಗಾದ್ರೆ ಮುಂದಿನ ವಾರ ಮಾಡ್ಲಾ ಸಾರ್?" ಎಂದಳು.

ಮೂರನೆಯ ಮಹಡಿಯ ತಮ್ಮ ಕಚೇರಿಗೇ ಬಂದೆ. ತಮ್ಮ ಸಹಾಯಕರು ಕಂಪ್ಯೂಟರನ್ನು ನನ್ನತ್ತ ತಿರುಗಿಸಿ ಇದ್ದ ಮೂರೇ ಆಯ್ಕೆ ತೋರಿಸಿದರು: ಗುಣಮುಖ, ಭಾಗಶಃ ಗುಣಮುಖ, ಸಂಪರ್ಕಕ್ಕೆ ಸಿಕ್ಕಿಲ್ಲ. ನಾಲ್ಕನೆಯದೊಂದು ಸಾಧ್ಯತೆ ಮನುಷ್ಯಲೋಕದಲ್ಲಿದೆಯಲ್ಲ ಎಂದೆ. "ನಮ್ಮಲ್ಲೇ ತೀರ್ಕೊಂಡಿದ್ರೆ ಅದಕ್ಕೆ ಬೇರೆ ಫಾರಂ ಇತ್ತು ಸಾರ್. ನೀವು ಬೇರೆ ಕಡೆ ಕರ್ಕೊಂಡ್ಹೋದ್ರಿ." ಧ್ವನಿಯಲ್ಲಿ ಸಣ್ಣ ಬೇಸರವಿತ್ತು, ನಾನು ನಿಯತ್ತು ತಪ್ಪಿದವನಂತೆ. ಇನ್ನು ಪ್ರಶ್ನೆಗಳು ಬರಬಾರದೆಂದರೆ ಅಧ್ಯಯನದಿಂದ ಹೊರಬರುವ ಹಿಂತೆಗೆತದ ಅರ್ಜಿಗೆ ರೋಗಿಯೇ ಖುದ್ದಾಗಿ ಬಂದು ಸಹಿ ಹಾಕಬೇಕೆಂದೂ ತಿಳಿಸಿದರು.

ಕೆಳಗಿಳಿಯುವಾಗ ಗೋಡೆಯ ಮೇಲೆ ತಮ್ಮ ಫಲಿತಾಂಶ ಕಂಡೆ. ಇನ್ನೂರ ಹನ್ನೆರಡು ರೋಗಿಗಳು. ಉತ್ತರಿಸಿದವರು ಇನ್ನೂರ ನಾಲ್ಕು. ಅವರಲ್ಲಿ ಸಾವು, ಸೊನ್ನೆ. ಸತ್ತವರು ಉತ್ತರಿಸಿ ಈ ಸೊನ್ನೆಯನ್ನು ಕೆಡಿಸಬಹುದೆಂಬ ಭಯ ತಮಗೆ ನಿಜವಾಗಿಯೂ ಇತ್ತೇ? ನಾನೂ ವೇದಿಕೆಗಳ ಮೇಲೆ ಹಲವು ಕುತರ್ಕಗಳನ್ನು ಮಾಡಿದವನು. ಆದರೆ ಸಭೆಗೇ ಬಾರದ ಎದುರಾಳಿಯನ್ನು ಲೆಕ್ಕದಿಂದ ಬಿಟ್ಟು ಗೆದ್ದೆನೆಂದು ಪಾರಿತೋಷಕ ಹೊತ್ತೊಯ್ಯುವ ಧೈರ್ಯ ನನಗಿರಲಿಲ್ಲ. ಫಲಿತಾಂಶದ ಅಡಿಯಲ್ಲೇ ಬರೆದಿದ್ದೀರಿ: ಬರುವ ತಿಂಗಳಿಂದ ಇನ್ನೂ ಆರು ಆಸ್ಪತ್ರೆಗಳಲ್ಲಿ ಇದೇ ಕ್ರಮ, ಇದೇ ಕರಪತ್ರ.

ಈ ಪತ್ರದ ಮೊದಲ ಕರಡು ಹದಿನಾಲ್ಕು ಪುಟವಿತ್ತು. ನನ್ನ ಹೆಂಡತಿ ಓದಿ, ಕನ್ನಡಕ ತೆಗೆದಿಟ್ಟು, "ನೀವು ಗೆಲ್ಲೋದು ಬೇಡ. ಅವಳನ್ನ ಸೇರಿಸ್ಕೊಂಡ್ರೆ ಸಾಕು" ಎಂದಳು. ಹದಿಮೂರು ಪುಟ ಹರಿದುಹಾಕಿದೆ.

ಆದ್ದರಿಂದ ಕೇಳುವುದಿಷ್ಟೇ. ಸೊನ್ನೆಯನ್ನು ಅಳಿಸಿ, ಒಂದು ಎಂದು ಬರೆಯಿರಿ. ನಡುಗುವ ಜ್ವರವೊಂದೇ ಬಂದರೂ ಕೂಡಲೇ ಬನ್ನಿ ಎಂದು ಕರಪತ್ರ ತಿದ್ದಿರಿ, ಆರು ಆಸ್ಪತ್ರೆಗಳ ಬಾಗಿಲು ತೆರೆಯುವ ಮೊದಲೇ. ಉಳಿದ ಏಳು ಮಂದಿಯ ಮನೆಗೆ ಯಾರನ್ನಾದರೂ ಕಳಿಸಿ, ಫೋನ್ ಬೇಡ. ಬಾಗಿಲು ತೆರೆದವರು ತಂದೆಯೋ ತಾಯಿಯೋ ಆಗಿದ್ದರೆ ಮೆಟ್ಟಿಲಿನ ಪ್ರಶ್ನೆ ಕೇಳಬೇಡಿ. ಮಗಳು ಹಿಂತೆಗೆತದ ಅರ್ಜಿಗೆ ಸಹಿ ಹಾಕಿಲ್ಲ. ತಮ್ಮ ನಿಯಮದ ಪ್ರಕಾರವೇ ಅವಳಿನ್ನೂ ಅಧ್ಯಯನದಲ್ಲಿದ್ದಾಳೆ.

ಇಂತಿ,
ನೂರಾ ಮೂವತ್ತೊಂದನೆಯ ರೋಗಿಯ ತಂದೆ,
ಉತ್ತರ ಬರುವ ತನಕ ಪ್ರತಿ ಸೋಮವಾರ ತಮ್ಮ ಮೂರು ಮಹಡಿಯ ಅರವತ್ತಾರು ಮೆಟ್ಟಿಲುಗಳನ್ನು, ಎರಡು ಕಡೆ ನಿಂತು, ಹತ್ತಬಲ್ಲವನು